ರಾಜ ಮುತ್ತಿಟ್ಟು ಬಿಟ್ಟ ಮೀನು

ಮಂತ್ರ ಹಾಕಿದರೆ ಕಲ್ಲೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಹೊಳಲುನಾಡು ಎಂಬ ಒಂದು ರಾಜ್ಯವಿತ್ತು. ಅದನ್ನು ಮೇಘಸೇನನೆಂಬ ರಾಜ ಆಳುತ್ತಿದ್ದ. ಒಳ್ಳೆಯ ರಾಜನೇ. ಆದರೆ ಅವನ ಒಬ್ಬನೇ ಮಗ ವಸುಕೇತು ಒಂದು ಬೆಳಿಗ್ಗೆ ಹಿರಿಕೆರೆಯಲ್ಲಿ ಈಜಲು ಹೋದವನು ಮರಳಿ ಬರಲಿಲ್ಲ.

ರಾಜ ಅತ್ತೂ ಅತ್ತೂ ಸೊರಗಿದ. ಆಗ ಕೆರೆಯಂಗಳದಲ್ಲಿ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುತ್ತಿದ್ದ ಸ್ವಾಮಿಯೊಬ್ಬ ಅವನಿಗೆ ಬಂಗಾರದ ಗಾಳವೊಂದನ್ನು ಕೊಟ್ಟ.

“ದಿನವೂ ಇದರಲ್ಲಿ ಮೀನು ಹಿಡಿ. ಮುತ್ತಿಟ್ಟು ನೀರಿಗೆ ಬಿಡು. ಜೀವ ಉಳಿಸಿದ ಪುಣ್ಯ ತುಂಬಿದ ದಿನ ಮಗ ಬರುತ್ತಾನೆ. ಈಟಿಯಿಂದ ಮೀನು ಹೊಡೆಯುವವರನ್ನು ಮಾತ್ರ ಕೆರೆಗೆ ಇಳಿಸಬೇಡ, ಪುಣ್ಯ ಕೆಡುತ್ತದೆ” ಎಂದ.

ರಾಜ ಹಾಗೆಯೇ ಮಾಡಿದ. ಅವನು ಮೀನಿಗೆ ಮುತ್ತಿಟ್ಟಾಗಲೆಲ್ಲ ದಡದ ಮೇಲೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಮೀನನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ಊರಿನ ಬೆಸ್ತರಲ್ಲಿ ಕೆಂಪಿ ಎಂಬ ಹುಡುಗಿಯಿದ್ದಳು. ಅವಳ ಈಟಿ ಗುರಿ ತಪ್ಪಿದ್ದೇ ಇಲ್ಲ. ಅವಳ ಅಜ್ಜಿ ಕಲಿಸಿದ ಮಾತು ಎರಡೇ: “ಒಂದು ಒಲೆಗೆ ದಿನಕ್ಕೆ ಒಂದೇ ಮೀನು. ಹೊಡೆದರೆ ಬಿಡಬೇಡ, ಬಿಡೋದಾದ್ರೆ ಹೊಡಿಬೇಡ.” ರಾಜಾಜ್ಞೆ ಬಂದ ಮೇಲೂ ಹೊಟ್ಟೆ ಕೇಳಬೇಕಲ್ಲ? ಒಂದು ದಿನ ಅವಳು ಕೆರೆಗಿಳಿದು ಮೀನು ಹೊಡೆದಳು. ಸಾರು ಮಾಡಿ ಬಡಿಸುವಷ್ಟರಲ್ಲಿ ಭಟರು ಬಂದು, ಮೀನಿನ ತಲೆಯ ಸಮೇತ ಅವಳನ್ನು ಆಸ್ಥಾನಕ್ಕೆ ಎಳೆದುಕೊಂಡು ಹೋದರು.

“ಇದು ನಿನ್ನೆ ನಾನು ಮುತ್ತಿಟ್ಟು ಬಿಟ್ಟ ಮೀನು!” ಎಂದು ರಾಜ ಕಣ್ಣೀರಿಟ್ಟ. “ನಾನು ಉಳಿಸಿದ ಜೀವವನ್ನು ಕೊಂದೆಯಲ್ಲ, ನಿನಗೆ ಕರುಳಿಲ್ಲವೇ?”

“ಬುದ್ಧಿ, ಅದ್ರ ಬಾಯಿ ನೋಡಿ” ಎಂದಳು ಕೆಂಪಿ. “ಗಾಳಕ್ಕೆ ಹರಿದೋಗಿದೆ. ತಿನ್ನೋಕಾಗ್ದೆ ಮಗ್ಗುಲಾಗಿ ತೇಲ್ತಿತ್ತು. ನಾನು ಹಸಿವಿಗೆ ಹೊಡೆದೆ, ಒಂದೇ ಏಟಿಗೆ ಮುಗೀತು. ನೀವು ಯಾತಕ್ಕೆ ಹಿಡಿದ್ರಿ?”

ರಾಜ ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಸ್ವಾಮಿ, “ಇವಳ ಬಲಗೈ ಕಡಿಸು” ಎಂದ.

ಅಂದೇ ಬೆಳಿಗ್ಗೆ ಒಂದು ದೊಡ್ಡ ಕೆಂಪು ಮೀನು ದಾರ ಕಿತ್ತುಕೊಂಡು ಬಂಗಾರದ ಗಾಳದೊಡನೆ ಆಳಕ್ಕೆ ಹೋಗಿತ್ತು. ರಾಜನಿಗೆ ಅದೇ ಚಿಂತೆ. “ಹುಡುಗಿ, ಆ ಗಾಳವನ್ನು ಸ್ವಲ್ಪವೂ ಮುಕ್ಕಾಗದಂತೆ ತಂದರೆ ನಿನ್ನ ಕೈ ಉಳಿಯುತ್ತದೆ. ಮುರಿದು ತಂದರೆ ಕೈ ಹೋಗುತ್ತದೆ” ಎಂದ.

ಬೆಸ್ತರಿಗೆ ಕೈ ಹೋದ ಮೇಲೆ ಉಳಿಯುವುದೇನು? ಕೆಂಪಿ ಈಟಿ ಹಿಡಿದು ಕೆರೆಗೆ ಹಾರಿದಳು. ನೀರೊಳಗೆ ಅಷ್ಟು ಹೊತ್ತು ಉಸಿರು ಹೇಗೆ ಎಂದು ಕೇಳಬೇಡಿ. ಕತೆಯ ಕೆರೆಯಲ್ಲಿ ಉಸಿರಿಗೆ ಬರವಿಲ್ಲ.

ಮೊದಲು ಎದುರಾದದ್ದು ಬೆಳ್ಳಿಮೀನುಗಳ ಹಿಂಡು. ಒಂದೊಂದರ ಬಾಯಲ್ಲೂ ಒಂದೊಂದು ಮುತ್ತು. “ಹೊಡಿ, ಹೊಡಿ” ಎಂದು ಅವು ಸುತ್ತಲೂ ಕುಣಿದವು. ಕೆಂಪಿಯ ಕೈ ತುರಿಸಿತು. ಆದರೆ ಅವಳ ಒಲೆಗೆ ಅಂದಿನ ಮೀನು ಆಗಿಹೋಗಿತ್ತು. “ಇವತ್ತಿಗೆ ಸಾಕು ಕಣ್ರವ್ವಾ” ಎಂದು ಈಟಿ ಇಳಿಸಿದಳು. ಹಿಂಡು ಸರಿಯಿತು. ಅದರ ಹಿಂದೆ ಈಟಿ ಎತ್ತಿದ ಕೈಯಲ್ಲೇ ಕಲ್ಲಾಗಿ ನಿಂತ ಮನುಷ್ಯರ ಸಾಲೇ ಇತ್ತು. ಅವರೆಲ್ಲ ಆಸೆಗೆ ಬಿದ್ದು ಹೊಡೆದವರು.

ಆಮೇಲೆ ಬಂತು ಮಾಯಾಮೊಸಳೆ. ಬಾಯಿ ತೆರೆದು ಮೇಲೆರಗಿತು. ಕೆಂಪಿ ಈಟಿ ಬೀಸಿದಳು. ಅದು ಮೊಸಳೆಯ ಕತ್ತಿಗೆ ನಾಟಿತು. ಮೊಸಳೆ ಒದ್ದಾಡುತ್ತಾ ಈಟಿಯ ಸಮೇತ ಕಪ್ಪುನೀರಿಗೆ ಇಳಿಯಿತು. ಬೇರೆಯವರಾದರೆ ಬದುಕಿದೆಯಾ ಬಡಜೀವ ಎಂದು ಓಡುತ್ತಿದ್ದರು. ಕೆಂಪಿ, “ಹೊಡೆದಿದ್ದೀನಿ, ನೋವಲ್ಲಿ ಬಿಡಬಾರ್ದು” ಎಂದು ಅದರ ಹಿಂದೆಯೇ ಇಳಿದಳು. ಈಟಿ ಕಿತ್ತು ಒಂದೇ ಏಟಿಗೆ ಅದರ ನೋವು ಮುಗಿಸಿದಳು. ಮೊಸಳೆ ಒಣ ಕೊರಡಾಯಿತು. ಕೊರಡು ಉರುಳಿದ ಜಾಗದಲ್ಲಿ ಗುಹೆಯ ಬಾಗಿಲಿತ್ತು.

ಗುಹೆಯೊಳಗೆ ಆ ಕೆಂಪು ಮೀನು ಮಲಗಿತ್ತು. ಹಳೆಯ ಗಾಯಗಳ ಮೇಲೆ ಹೊಸ ಗಾಯ, ತುಟಿಯಲ್ಲಿ ಬಂಗಾರದ ಗಾಳ. ಕೆಂಪಿ ಈಟಿ ಎತ್ತಿದಳು. ಮೀನು ಬಾಯಿ ತೆರೆದು, “ಅಪ್ಪಾ” ಎಂದಿತು.

ಕೆಂಪಿ ಈಟಿ ಕೆಳಗಿಟ್ಟು ಮೀನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ತುಟಿ ತೂರಿ ಹೊರಬಂದಿದ್ದ ಗಾಳದ ತುದಿಯಲ್ಲಿ ಹಿಮ್ಮುಖವಾಗಿ ಒಂದು ಮುಳ್ಳಿತ್ತು. ಗಾಳವನ್ನು ಹಾಗೆಯೇ ಹಿಂದಕ್ಕೆ ಎಳೆದರೆ ಅದು ಇಡಿಯಾಗಿ ಬರುತ್ತದೆ, ಕೆಂಪಿಯ ಕೈ ಉಳಿಯುತ್ತದೆ. ಆದರೆ ಮೀನಿನ ತುಟಿ ಹರಿದು ಬರುತ್ತದೆ. ಮುಳ್ಳು ಮುರಿದರೆ ಮೀನಿಗೆ ನೋವಿಲ್ಲ. ಆದರೆ ಕೈ ಹೋಗುತ್ತದೆ.

ಕೆಂಪಿ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಅವಳಿಗೆ ಅಳು ಬಂತು. ಅಳುತ್ತಲೇ ಮುಳ್ಳನ್ನು ಹಲ್ಲಲ್ಲಿ ಕಚ್ಚಿ ಲಟಕ್ಕನೆ ಮುರಿದಳು.

ಮುರಿದದ್ದೇ ತಡ, ತೊಡೆಯ ಮೇಲೆ ಮೀನಿರಲಿಲ್ಲ. ವಸುಕೇತು ಇದ್ದ. ಹಿಂದೆ ನಿಂತಿದ್ದ ಕಲ್ಲಿನ ಮನುಷ್ಯರೆಲ್ಲ ಕೆಮ್ಮುತ್ತಾ ಎದ್ದರು.

ಅವರು ಮೇಲೆ ಬಂದಾಗ ಒಂಟಿಕಾಲ ಸ್ವಾಮಿ ನಿಜರೂಪ ತೋರಿಸಿದ. ತಾಳೆಮರದೆತ್ತರದ ಕೊಕ್ಕರೆ! ಅದರ ತಪಸ್ಸೂ ಬಕಧ್ಯಾನವೇ. ವಸುಕೇತುವನ್ನು ಮೀನಾಗಿಸಿದ್ದೂ ಅದರ ಮಂತ್ರವೇ. ಕೊಕ್ಕು ಚಾಚಿ ರಾಜಕುಮಾರನ ಮೇಲೆ ಎರಗಿತು. ಕೆಂಪಿಯ ಈಟಿ ಅದರ ರೆಕ್ಕೆಗೆ ನಾಟಿತು.

“ಬಿಟ್ಟುಬಿಡು ತಾಯಿ, ಪುಣ್ಯ ಬರುತ್ತೆ!” ಎಂದು ಕೊಕ್ಕರೆ ಅಂಗಲಾಚಿತು.

“ಹೊಡೆದಾಗಿದೆ ಸ್ವಾಮಿ, ಇನ್ನು ಬಿಡೋಕಾಗಲ್ಲ” ಎಂದು ಕೆಂಪಿ ಎರಡನೇ ಏಟು ಹಾಕಿದಳು. ಕೊಕ್ಕರೆ ಬೂದಿಯಾಯಿತು.

ರಾಜ ಮಗನನ್ನು ತಬ್ಬಿಕೊಂಡು ಅತ್ತ. ಆಗ ಮಗನ ತುಟಿಯ ಗಾಯಗಳು ಕಂಡವು.

“ಮಗು, ಇದೆಲ್ಲ ಯಾರು ಮಾಡಿದ್ದು?”

“ನೀವೇ ಅಪ್ಪಾಜಿ” ಎಂದ ವಸುಕೇತು. “ಗಾಳ ಒಂದೊಂದು ಸಲ ಚುಚ್ಚಿದಾಗಲೂ ನನ್ನ ಒಂದೊಂದು ಮಾತು ಹೋಯಿತು. ಕೊನೆಗೆ ಉಳಿದದ್ದು ಒಂದೇ. ನೀವು ಹಿಡಿದಾಗಲೆಲ್ಲ ಅಪ್ಪಾ ಅಂತ ಕೂಗಿದೆ. ನೀರಿನ ಜೀವದ ಕೂಗು ಹೊರಗೆ ಕೇಳುವುದಿಲ್ಲ. ನೀವು ಮುತ್ತಿಟ್ಟು ಬಿಟ್ಟಿರಿ.”

ಕೆಂಪಿ ಮುರಿದ ಗಾಳವನ್ನು ರಾಜನ ಮುಂದಿಟ್ಟು ಬಲಗೈ ಚಾಚಿದಳು. ರಾಜ ಆ ಕೈಯನ್ನು ಹಿಡಿದು ತನ್ನ ಕಣ್ಣಿಗೊತ್ತಿಕೊಂಡ.

“ಹಾಗಾದರೆ ಈಟಿಯೇ ಧರ್ಮವೇನಮ್ಮ?” ಎಂದು ಕೇಳಿದ.

ಅದಕ್ಕೆ ಉತ್ತರ ಕೊಟ್ಟವನು ವಸುಕೇತು. “ಅಲ್ಲ ಅಪ್ಪಾಜಿ. ಇವಳ ನೆರಳು ಕಂಡರೂ ನಾವು ಮೀನುಗಳೆಲ್ಲ ನಡುಗುತ್ತಿದ್ದೆವು.”

“ನಡುಗ್ಲೇಬೇಕು, ಕೊಲ್ಲೋಳು ನಾನು” ಎಂದಳು ಕೆಂಪಿ. “ಅದನ್ನ ಪುಣ್ಯ ಅಂತ ನಾನು ಯಾವತ್ತೂ ಅಂದಿಲ್ಲ ಬುದ್ಧಿ. ಹಸಿವು ಅಂದಿದ್ದೀನಿ.”

ಅಂದಿನಿಂದ ಹೊಳಲುನಾಡಿನಲ್ಲಿ ಹಸಿದವರು ಮಾತ್ರ ಮೀನು ಹಿಡಿದರು, ಹಿಡಿದದ್ದನ್ನು ತಿಂದರು. ಹಸಿವಿಲ್ಲದವರು ದಡದಲ್ಲಿ ಕೂತು ಸುಮ್ಮನೆ ನೀರು ನೋಡಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಾ ಕೂರುತ್ತಿದ್ದವನು ರಾಜನೇ. ಯಾವುದಾದರೂ ಮೀನು ನೀರಿಂದ ಬಾಯಿ ತೆರೆದರೆ ಬಗ್ಗಿ ಕಿವಿಗೊಡುತ್ತಿದ್ದ.

ರಾಜಕುಮಾರನಿಗೂ ಕೆಂಪಿಗೂ ಮದುವೆಯಾಯಿತೇ ಎಂದು ಕೇಳುತ್ತೀರಿ. ಇಲ್ಲ. ವಸುಕೇತು ಮತ್ತೆಂದೂ ಮೀನು ಮುಟ್ಟಲಿಲ್ಲ, ಸೊಪ್ಪಿನ ಸಾರಿನಲ್ಲೇ ಉಂಡ. “ಮೀನು ತಿನ್ನದ ಗಂಡನ್ನ ಕಟ್ಕೊಂಡು ಏನ್ಮಾಡ್ಲಿ?” ಎಂದು ಕೆಂಪಿ ನಕ್ಕಳು. ಅವರು ಸಾಯುವವರೆಗೂ ಗೆಳೆಯರಾಗಿದ್ದರು. ನಾಡಿನ ಜನ ಸುಖವಾಗಿದ್ದರು. ಮೀನುಗಳೂ ಸುಖವಾಗಿದ್ದವು, ಒಲೆ ಸೇರುವ ದಿನದವರೆಗೆ.