ಮಗ ಬಂದಿದ್ದ

ಕಾಪುವಿನ ಆ ಮನೆಯ ಮೆಟ್ಟಿಲ ಮೇಲೆ ಗಂಡಸರ ಚಪ್ಪಲಿ ಒಂದು ಜೊತೆ ಇತ್ತು. ಬೆಂಜಮಿನ್‌ನ ಚಪ್ಪಲಿ ಅವನ ಕಾಲಿನಲ್ಲೇ ಇತ್ತು. ಬರ್ತಾ ಸೆರಗು ಸರಿಮಾಡಿಕೊಂಡಳು.

"ಒಳಗೆ ನೆಂಟರು ಇದ್ದಾರಾ?"

"ಚಿಕ್ಕಮ್ಮ ಒಬ್ಬರೇ. ಅದು ಅಣ್ಣನದು."

ಅಣ್ಣ ಥಿಯೋಫಿಲ್ ಸಮುದ್ರದ ಪಾಲಾಗಿ ಆರು ವರ್ಷ. ದೋಣಿ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಆದರೂ ಚಪ್ಪಲಿಯ ಮೇಲೆ ಒಂದು ಕಣ ಮರಳಿರಲಿಲ್ಲ. ಯಾರೋ ದಿನಾ ಒರೆಸುತ್ತಿದ್ದರು.

"ಹೆಸರು ಬರ್ತಾ ಅಂತ. ಬಾಗಿಲವರೆಗೆ ಬಂದು ನಿಲ್ಲುವುದು ಎಂತ?" ಬೆಂಜಮಿನ್ ನಕ್ಕ.

ಅವಳೂ ನಕ್ಕಳು. ಹೋದ ವರ್ಷ, 1978ರಲ್ಲಿ, ಅವನ ತಾಯಿ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರನ್ನು ನೋಡಿಕೊಂಡ ನರ್ಸ್ ಅವಳು. ಮಲ್ಪೆಯ ಬೋಟಿನಲ್ಲಿ ಇಂಜಿನ್ ಡ್ರೈವರ್ ಆಗಿದ್ದ ಅವನು ಒಂದು ವಾರದ ನಂತರ ಥ್ಯಾಂಕ್ಸ್ ಹೇಳಲು ಬಂದಿದ್ದ. ಆಮೇಲೆ ಭಾನುವಾರ ಚರ್ಚಿನ ಆರಾಧನೆ ಮುಗಿದರೆ ಇಬ್ಬರಿಗೂ ಒಂದೇ ಬಸ್ಸು. ಅವನು ಮೊದಲೇ ಹತ್ತಿ ಕಿಟಕಿಯ ಸೀಟಿಗೆ ಕರ್ಚೀಫು ಹಾಕುವನು, ಅವಳು ಕೂತ ಮೇಲೆ ತಾನು ದೂರ ನಿಂತುಕೊಂಡು ಎಲ್ಲೋ ನೋಡುವನು. ಹೋದ ವಾರ ಅಲ್ಲಿಂದಲೇ ಕೇಳಿದ್ದ, "ನಮ್ಮ ವಿಷಯ ಪಾಸ್ಟರ್ ಹತ್ತಿರ ಮಾತಾಡುವುದಾ?"

"ಮನೆ ನೋಡಿ ಹೇಳುತ್ತೇನೆ," ಎಂದಿದ್ದಳು, ಸುಮ್ಮನೆ ಕಾಡಿಸಲು.

ಈಗ ಅವನು ಚಪ್ಪಲಿಯ ಪಕ್ಕ ಕೂತ, ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತಳು. "ಈ ಮನೆಗೆ ಬರುವವಳು ನೀನು, ನಿನಗೆ ಗೊತ್ತಿರಬೇಕು. ಅಮ್ಮ ಹೋದ ಮಧ್ಯಾಹ್ನ ಅಣ್ಣ ವಾರ್ಡಿಗೆ ಬಂದಿದ್ದ."

"ಯಾರು?"

"ಥಿಯೋಫಿಲಣ್ಣ. ಅಮ್ಮ ಚಿಕ್ಕಮ್ಮನ ಹತ್ತಿರ 'ಮಗ ಬಂದಿದ್ದ' ಅಂದರಂತೆ. ಅದೇ ಕೊನೆಯ ಮಾತು. ನಾನು ಬೋಟಿನಲ್ಲಿದ್ದೆ. ನಾನಲ್ಲದಿದ್ದರೆ ಮತ್ತೆ ಬಂದದ್ದು ಯಾರು? ಒಮ್ಮೆ ಬಂದವನು ಮನೆಗೂ ಬರಬಹುದು ಅಲ್ವಾ?"

ಯಾರೂ ಬಂದಿರಲಿಲ್ಲ. ಆ ಮಧ್ಯಾಹ್ನ ಮುದುಕಿಯ ಕಣ್ಣು ಬಾಗಿಲನ್ನು ಬಿಟ್ಟು ಕದಲದಿದ್ದಾಗ, ನೋಡಲಾರದೆ ಬರ್ತಾಳೇ ಹೇಳಿದ್ದಳು: ನಿಮ್ಮ ಮಗ ಬಂದಿದ್ದರು ಅಮ್ಮ, ನೀವು ನಿದ್ದೆಯಲ್ಲಿದ್ದಿರಿ.

ಅವಳ ಅಪ್ಪ ಸಭೆಯ ಉಪದೇಶಿ. ಸತ್ಯ ಮತ್ತು ಪ್ರೀತಿ ಒಂದೇ ಬಾಯಿಯಿಂದ ಒಟ್ಟಿಗೆ ಹೊರಡಬೇಕು, ಹಾಗೆ ಹೊರಡದಿದ್ದರೆ ಪ್ರಾರ್ಥನೆ ಮಾಡಿ ಕಾಯಬೇಕು ಎನ್ನುತ್ತಿದ್ದರು. ಆ ದಿನ ಅವಳು ಕಾದಿರಲಿಲ್ಲ.

ಸುಮ್ಮನಿದ್ದರೆ ಮದುವೆ ಆಗುತ್ತಿತ್ತು. ಈ ಮೆಟ್ಟಿಲಲ್ಲಿ ಚಪ್ಪಲಿ ಕಾಯುತ್ತ ಇರುತ್ತಿತ್ತು, ದಿನಾ ಒರೆಸುವ ಕೈ ಅವಳದಾಗುತ್ತಿತ್ತು.

"ಬೆಂಜಮಿನ್, ಆ ಮಾತು ನನ್ನದು."

ಹೇಳಿದಳು. ಒಂದೂ ಬಿಡದೆ, ಮೆಲ್ಲಗೆ. ಅವನು ಅವಳ ಕಡೆ ನೋಡಲಿಲ್ಲ. ತೆಂಗಿನಮರಗಳ ಆಚೆ ಸಮುದ್ರ ಸದ್ದು ಮಾಡುತ್ತಿತ್ತು.

"ಅಮ್ಮ ಯಾರನ್ನು ಕೇಳಿದ್ದು?" ಎಂದ ಅವನು.

"ನಿಮ್ಮನ್ನು. 'ಬೆಂಜ ಬಂದನಾ' ಅಂತ. ನಾಲ್ಕು ಸಲ."

ಅವನು ಮುಖ ತಿರುಗಿಸಿದ. ತೋಳಿನಿಂದ ಕಣ್ಣು ಒರೆಸಿಕೊಂಡ. "ಕೊನೆಗೂ ಅಮ್ಮನಿಗೆ ಬೇಕಾದದ್ದು ಅಣ್ಣನೇ ಅಂತ ಒಂದು ವರ್ಷ ಅಂದುಕೊಂಡಿದ್ದೆ."

ಒಳಗಿನಿಂದ ಚಿಕ್ಕಮ್ಮ ಕೂಗಿದರು, "ಬರ್ತಾ, ಕಾಫಿಗೆ ಬೆಲ್ಲ ಆಗ್ತದಾ ಮಗಾ?"

"ಆಗ್ತದೆ," ಎಂದವಳು ಎದ್ದು ನಿಂತಳು. "ನಾನು ಹೊರಡಲಾ? ನಿಮಗೆ ಸಿಟ್ಟಿರಬಹುದು."

"ಉಂಟು." ಅವನು ಅಣ್ಣನ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕೆಳಗೆ ಕೆಂಪು ಸಿಮೆಂಟಿನಲ್ಲಿ ಎರಡು ಪಾದದ ಆಕಾರ ಹಾಗೇ ಕಡುಕೆಂಪಾಗಿ ಉಳಿದಿತ್ತು. ಈಗಷ್ಟೇ ಯಾರೋ ಎದ್ದು ಹೋದ ಹಾಗೆ. "ನಾನು ಬಸ್ಸಿನಲ್ಲಿ ಕೇಳಿದ್ದಕ್ಕೆ ನೀನಿನ್ನೂ ಉತ್ತರ ಹೇಳಲಿಲ್ಲ. ನನ್ನ ಸಮಾಧಾನಕ್ಕೆ ಅಂತ ಹೇಳಬೇಡ."

"ಸಮಾಧಾನಕ್ಕೆ ಅಲ್ಲ." ಅವಳು ಅವನನ್ನೇ ನೋಡಿದಳು. "ನನಗೆ ನೀವು ಬೇಕು."

"ಹಾಗಾದರೆ ಬಾ. ಕಾಫಿ ತಣಿಯುತ್ತದೆ."

ಬರ್ತಾ ತನ್ನ ಚಪ್ಪಲಿ ಬಿಟ್ಟಳು. ಆ ಗುರುತಿನ ಮೇಲಲ್ಲ, ಅದರ ಪಕ್ಕದಲ್ಲಿ.