ಕೇಳದೆ ಕೊಟ್ಟ ಉತ್ತರ

ಅರ್ಚನಾ ಸಿಹಿ ಉಣ್ಣಿಯಪ್ಪದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟಾಗ ನನಗೆ ಮುಖ ಎತ್ತಲಾಗಲಿಲ್ಲ. ಭರತೇಶ್‌ನಿಂದಲೇ ತನಗೆ ಕೆಲಸ ಸಿಕ್ಕಿದ್ದೆಂದು ಇಂಟರ್ನೆಟ್ ಸೆಂಟರಿನಲ್ಲಿದ್ದವರಿಗೆಲ್ಲ ನನ್ನ ಹೆಸರು ಹಿಡಿದು ಹೇಳುತ್ತಾ ನನ್ನತ್ತ ಓರೆಗಣ್ಣಿನಿಂದ ನೋಡಿದಳು. ಆ ನೋಟಕ್ಕಾಗಿ ಎರಡು ವರ್ಷ ಕಾದಿದ್ದೆ. ಕೊನೆಗೆ ಸಿಕ್ಕಿದ್ದು ಒಂದು ಸುಳ್ಳಿನಿಂದ.

ಕಲ್ಪೆಟ್ಟದ ನಮ್ಮ ಸೆಂಟರಿನ ಎಂಟು ಕಂಪ್ಯೂಟರ್‌ಗಳೂ ನಾನು ಕೂರಿಸಿದ ಪ್ರಾಕ್ಸಿ ಎಂಬ ಮಧ್ಯವರ್ತಿಯ ಮೂಲಕವೇ ಇಂಟರ್ನೆಟ್ಟಿಗೆ ಹೋಗುತ್ತವೆ. ಕೇಳಿದ್ದನ್ನು ಹಾಗೇ ಸರ್ವರ್‌ಗೆ ದಾಟಿಸಿ, ಅದು ಹೇಳಿದ್ದನ್ನು ಹಾಗೇ ತಂದುಕೊಡುವುದಷ್ಟೇ ಪ್ರಾಕ್ಸಿಯ ಕೆಲಸ. ಅರ್ಚನಾ ದಿನಾ ಪನಮರಂನಿಂದ ಬಸ್ಸಿನಲ್ಲಿ ಬಂದು, ತನ್ನ ಲ್ಯಾಬ್ ಟೆಕ್ನಿಷಿಯನ್ ಅರ್ಜಿ ಏನಾಯಿತೆಂದು ನೋಡುತ್ತಿದ್ದಳು. ಅವಳ ಫೋನಿನಲ್ಲಿ ಆ ಪುಟ ತೆರೆಯುತ್ತಿರಲಿಲ್ಲ. ಇಲ್ಲೂ ತಡವಾದರೆ ಉಗುರು ಕಚ್ಚುತ್ತಾ ಕೂರುವಳು. ಅವಳೆದುರು ಜಂಬ ಕೊಚ್ಚಿಕೊಳ್ಳುವ ಆಸೆಗೆ, ಒಮ್ಮೆ ಬಂದ ಪುಟದ ಪ್ರತಿಯನ್ನು ಇಟ್ಟುಕೊಂಡು, ಸರ್ವರನ್ನು ಮತ್ತೆ ಕೇಳದೆ ಅದನ್ನೇ ಕೊಡುವಂತೆ ಪ್ರಾಕ್ಸಿಯನ್ನು ಬದಲಿಸಿದೆ. ಪುಟ ಥಟ್ಟನೆ ಬರತೊಡಗಿತು. ಅವಳು ಹುಬ್ಬೇರಿಸಿ ನಕ್ಕಳು. ನಾನು ಉಬ್ಬಿಹೋದೆ.

ಒಂಬತ್ತು ದಿನವೂ ‘ಪರಿಶೀಲನೆಯಲ್ಲಿದೆ’ ಎಂದೇ ಇತ್ತು. ಹತ್ತನೆಯ ದಿನ ಅವಳು ನೋಡಿ ಹೋದ ಮೇಲೆ ಅನುಮಾನ ಬಂದು, ಪ್ರಾಕ್ಸಿಯನ್ನು ಬಿಟ್ಟು ನನ್ನ ಫೋನಿನಲ್ಲೇ ಅದೇ ಪುಟವನ್ನು ನೋಡಿದೆ. ಸರ್ಟಿಫಿಕೇಟ್ ತೋರಿಸಲು ಅಂದೇ ಸಂಜೆ ನಾಲ್ಕು ಗಂಟೆಗೆ ಕೊನೆ. ಬೈಕಿನಲ್ಲಿ ಪನಮರಂಗೆ ಓಡಿ, ಅವಳನ್ನು ಕೂರಿಸಿಕೊಂಡು ಬಂದು, ಹತ್ತು ನಿಮಿಷ ಇರುವಾಗ ಆಫೀಸು ಮುಟ್ಟಿಸಿದೆ. ಮೊದಲೇ ಯಾಕೆ ಕಾಣಲಿಲ್ಲವೆಂದು ಕೇಳಿದ್ದಕ್ಕೆ, ಸರ್ವರ್ ಸರಿಯಿರಲಿಲ್ಲ ಎಂದುಬಿಟ್ಟೆ.

ಈಗ ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಿರುವಾಗ ಎಲ್ಲವನ್ನೂ ಹೇಳಿದೆ. ಅವಳ ಕೈ ಅಲ್ಲೇ ನಿಂತಿತು.

"ಕೇಳ್ಬೇಕಾದವ್ರನ್ನ ಕೇಳ್ದೆ ನೀವೇ ಉತ್ತರ ಕೊಡೋದು ಇದೇ ಮೊದ್ಲಲ್ಲ," ಎಂದಳು. "ಬಸದೀಲಿ ನಮ್ಮ ಶಾಂತಮ್ಮ ಚಿಕ್ಕಮ್ಮ ನಮ್ಮಿಬ್ರ ಮದ್ವೆ ಮಾತು ತೆಗ್ದಾಗ, ನೀವೇ ‘ಅರ್ಚನಾ ಒಪ್ಪೋದಿಲ್ಲ’ ಅಂದ್ರಂತೆ. ನನ್ನನ್ನ ಯಾರು ಕೇಳಿದ್ರು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಅವಳಷ್ಟು ಓದಿಲ್ಲವೆಂಬ ಅಳುಕಿನಲ್ಲಿ ಹಾಗೆ ಹೇಳಿದ್ದು ನಿಜ. ಆ ದಿನದಿಂದ ಅವಳನ್ನು ನೋಡಿದಾಗಲೆಲ್ಲ ಸಂಕಟಪಟ್ಟಿದ್ದೂ ನಿಜ.

ಅವಳು ಕುರ್ಚಿ ಎಳೆದು ಎದುರಿಗೇ ಕೂತಳು. ಸಿಟ್ಟಿನ ಕಣ್ಣಿನಲ್ಲಿ ನೀರಿತ್ತು.

"ಇಲ್ಲೇ ಇದ್ದೀನಲ್ಲ. ಈಗ ಕೇಳಿ."

ನನ್ನನ್ನು ಮದುವೆಯಾಗಲು ಒಪ್ಪಿಗೆಯೇ ಎಂದು ತೊದಲುತ್ತಲೇ ಕೇಳಿದೆ. ಅವಳು ಬೇಕೆಂದೇ ಒಂದು ಉಣ್ಣಿಯಪ್ಪ ಎತ್ತಿಕೊಂಡು, ನನ್ನನ್ನೇ ನೋಡುತ್ತಾ, ಪೂರ್ತಿ ತಿಂದು ಮುಗಿಸಿದಳು. ಈ ಸಲ ಅವಳ ಉತ್ತರವನ್ನು ನಾನೇ ಊಹಿಸದೆ ಕಾದೆ.

"ಹೂಂ," ಎಂದಳು.