ಬಿರುಕು ಮುಚ್ಚಿದ ಮನೆ

"ಏನು ಬೇಕಾದರೂ ಒಡೆದುಕೊಳ್ಳಿ, ಅಡುಗೆಮನೆ ನಡುಗೋಡೆ ಮಾತ್ರ ಮುಟ್ಟಬೇಡಮ್ಮ," ಎಂದಳು ಪಕ್ಕದ ಮನೆಯ ಹೊಲಿಗೆಯಜ್ಜಿ, ಕಾಂಪೌಂಡಿನ ಆಚೆಯಿಂದ. "ಅದರೊಳಗೆ ಕಟ್ಟಿಟ್ಟಿದ್ದಾರೆ."

"ಏನಜ್ಜಿ, ಬುತ್ತೀನಾ?" ಎಂದು ಮನೆಯನ್ನು ಹೊಸದಾಗಿ ಕೊಂಡವಳು ನಕ್ಕಳು.

ಅಜ್ಜಿ ನಗಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿಮಾಡಿಕೊಂಡು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಳು.

ಮನೆ ಕೊಂಡವಳು ಆಸ್ಪತ್ರೆಯಲ್ಲಿ ನರ್ಸು. ಎಷ್ಟೋ ಹೆಣಗಳ ರೆಪ್ಪೆ ಮುಚ್ಚಿದ ಕೈ ಅವಳದು. ಮಾಟ, ಮಂತ್ರ ಎಂದರೆ ನಗು ಬರುತ್ತಿತ್ತು. ಗಂಡ ಪಾರ್ಸೆಲ್ ವ್ಯಾನು ಓಡಿಸುವವನು, ಮೆತ್ತಗಿನ ಮನುಷ್ಯ. ಬಾಡಿಗೆ ಮನೆಗಳ ಸಹವಾಸ ಸಾಕಾಗಿ, ಕೈಯಲ್ಲಿದ್ದುದನ್ನೆಲ್ಲ ಸುರಿದು ಇಬ್ಬರೂ ಈ ಪಾಳುಮನೆ ಕೊಂಡಿದ್ದರು. ಗಾರೆಯವರನ್ನು ಕರೆಸುವ ತಾಕತ್ತು ಉಳಿದಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ತಾವೇ ಉಳಿ, ಸುತ್ತಿಗೆ, ಕರಣೆ ಹಿಡಿದರು. ಮನೆಯ ಮೈತುಂಬ ಬಿರುಕು. ಗೋಡೆಗಳಿಂದ ಹಳೆಯ ಸುಣ್ಣದ, ಇಲಿ ಉಚ್ಚೆಯ, ಮುಗ್ಗಲು ಬಟ್ಟೆಯ ವಾಸನೆ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ಚಾವಣಿ ತಲೆಯ ಮೇಲೆ ಪುಡಿ ಉದುರಿಸುತ್ತಿತ್ತು.

ಅಡುಗೆಮನೆಯಲ್ಲಿ ಹಾಡಹಗಲೇ ಕತ್ತಲೆ. ನಡುಗೋಡೆ ಒಡೆದರೆ ಬೆಳಕು ಬರುತ್ತದೆಂಬುದು ಅವಳ ಲೆಕ್ಕ.

"ಅಜ್ಜಿ ಬೇಡ ಅಂದ್ರಲ್ಲ ಕಣೇ," ಎಂದ ಗಂಡ.

"ಅಡುಗೆ ಮಾಡೋದು ಅಜ್ಜಿ ಅಲ್ಲ, ನಾನು," ಎಂದು ಅವಳು ಸುತ್ತಿಗೆ ಎತ್ತಿದಳು.

ಇಟ್ಟಿಗೆಗಳ ಹಿಂದೆ ಪೊಳ್ಳು. ಅದರಲ್ಲಿ ಮೇಣದಿಂದ ಬಾಯಿ ಮುಚ್ಚಿದ ಮಡಕೆ. ಮೇಣ ಕಿತ್ತದ್ದೇ ತಡ, ಸುಟ್ಟ ಕೂದಲಿನ ವಾಸನೆ ಮುಖಕ್ಕೆ ಗಪ್ಪನೆ ಹೊಡೆಯಿತು. ಒಳಗೆ ಅಂಗೈಯಷ್ಟು ಉದ್ದದ ಹಸಿಮಣ್ಣಿನ ಗೊಂಬೆ. ಕಣ್ಣಿಲ್ಲ, ಬಾಯಿಲ್ಲ. ಕುತ್ತಿಗೆಗೆ ಸುತ್ತಿದ ಕಪ್ಪು ದಾರದಡಿಯಲ್ಲಿ ಯಾರದೋ ನರೆಗೂದಲು.

ಅವಳು ಆ ಕೂದಲನ್ನು ಕಿತ್ತೆಸೆದಳು. ಗಂಡನ ತಲೆಯಿಂದ ಫಕ್ಕನೆ ನಾಲ್ಕೆಳೆ ಕಿತ್ತು ಅದೇ ದಾರದಲ್ಲಿ ಬಿಗಿದಳು.

"ಇನ್ಮೇಲೆ ನೀವು ನನ್ನ ವಶ. ಗೋಡೆಗೆ ನಾನು ಹೇಳಿದ ಬಣ್ಣಾನೇ."

ಗಂಡ ತಲೆ ಉಜ್ಜಿಕೊಂಡು ನಕ್ಕ. ಕಣ್ಣು ನಗಲಿಲ್ಲ. ಅವಳು ಗೊಂಬೆಯನ್ನೂ ಮಡಕೆಯನ್ನೂ ಹಿತ್ತಲಿನ ಇಟ್ಟಿಗೆ ಚೂರುಗಳ ರಾಶಿಯ ಪಕ್ಕ ಇಟ್ಟುಬಂದಳು.

ಮೊದಲು ವಾಸಿಯಾದದ್ದು ಮಲಗುವ ಕೋಣೆಯ ಗೋಡೆ. ಎಷ್ಟು ಸಲ ಮೆತ್ತಿದರೂ ಬಾಯಿ ಬಿಡುತ್ತಿದ್ದ ಬಿರುಕು ಒಂದು ಬೆಳಿಗ್ಗೆ ತಾನೇ ಕೂಡಿಕೊಂಡಿತ್ತು. "ನಮ್ಮ ಕೈಗುಣ," ಎಂದು ಅವಳು ಬೀಗಿದಳು. ಅದೇ ಬೆಳಿಗ್ಗೆ ಗಂಡನ ಹಿಮ್ಮಡಿ ಸೀಳಿತ್ತು. ಹಜಾರದ ಗೋಡೆ ನುಣುಪಾದಾಗ ಅವನ ಅಂಗೈ ಬಿರಿಯಿತು. ಚಾವಣಿ ಕೂಡಿಕೊಂಡಾಗ ಬೆನ್ನು. ರಕ್ತವಿಲ್ಲ. ಹಾಸಿಗೆಯ ಮೇಲೆ ಬೂದು ಪುಡಿ. ಅವನ ಉಸಿರಿನಲ್ಲಿ ಒದ್ದೆ ಸುಣ್ಣದ ನಾತ.

"ಮನೇಲಿ ಮುಚ್ಚಿದ ಬಿರುಕೆಲ್ಲ ನನ್ನ ಮೈಮೇಲೆ ಏಳ್ತಿದೆ ಕಣೇ," ಎಂದ.

"ಸಿಮೆಂಟು ತಾಗಿ ಹಾಗಾಗಿದೆ. ಕೆಲಸ ತಪ್ಪಿಸಿಕೊಳ್ಳೋಕೆ ಒಳ್ಳೆ ನೆಪ," ಎಂದು ಅವಳು ಮುಲಾಮು ಹಚ್ಚಿ, ಅದೇ ಕೈಗೆ ಕರಣೆ ಕೊಟ್ಟಳು.

ಕೆಲವು ದಿನಗಳಾದ ಮೇಲೆ ಅವನು ಇದ್ದಕ್ಕಿದ್ದಂತೆ ಗುಣವಾದ. ಚರ್ಮ ಎಳೆಮಗುವಿನ ಹಾಗೆ. ಮುಲಾಮಿನ ಮಹಿಮೆ ಎಂದುಕೊಂಡು ಅವಳು ನಿಶ್ಚಿಂತೆಯಿಂದ ಕೆಲಸಕ್ಕೆ ಹೋದಳು. ವಾರ್ಡಿನಲ್ಲಿ ರೋಗಿಯೊಬ್ಬರಿಗೆ ಸೂಜಿ ಚುಚ್ಚಿ ಕೈಗವಸು ಕಳಚಿದಾಗ ಒಳಗಿನಿಂದ ಬೂದು ಪುಡಿ ಸುರಿಯಿತು. ಮಣಿಕಟ್ಟಿನಿಂದ ನಡುಬೆರಳಿನವರೆಗೆ ಅವಳ ಅಂಗೈ ಸೀಳಿತ್ತು. ಸೀಳಿನೊಳಗೆ ಮಾಂಸವಿರಲಿಲ್ಲ, ಒಣಗಾರೆ. ಇಂಥ ಗಾಯ ಇರಲು ಸಾಧ್ಯವಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೇರವಾಗಿ ಅಜ್ಜಿಯ ಮನೆಗೆ ಓಡಿದಳು. ಅಜ್ಜಿ ಬಾಗಿಲು ತೆಗೆಯಲಿಲ್ಲ. ಕಿಟಕಿಯ ಸಂದಿಯಿಂದಲೇ ಮಾತಾಡಿದಳು.

"ಆ ಮನೆ ಹಳೇ ಯಜಮಾನಿ ಸೊಸೆ ಮೇಲೆ ಮಾಡಿಸಿದ ಮಾಟ ಅದು. ಗೊಂಬೆಗೆ ಯಾರ ಕೂದಲು ಕಟ್ಟಿದೆಯೋ ಅವರನ್ನ ತಿಂದು ಮನೆ ಗಟ್ಟಿಯಾಗತ್ತೆ. ಅವರು ಮುಗಿದರೆ ಉಳಿದವರ ಕಡೆ ತಿರುಗತ್ತೆ. ಸೊಸೆ ಮುಗಿದಳು. ಆಮೇಲೆ ಮಗನೇ ತಾಯಿ ಕೂದಲು ಕಟ್ಟಿ ಗೋಡೆ ಮುಚ್ಚಿದ. ತಾಯಿ ಮುಗಿದ ಮೇಲೆ ಊರುಬಿಟ್ಟು ಓಡಿದ, ಹೋದಲ್ಲೇ ಮೈ ಬಿರಿದು ಸತ್ತ. ತಿನ್ನೋಕೆ ಯಾರೂ ಇಲ್ಲದೆ ಮನೆ ಸೊರಗಿತ್ತು."

"ಕೂದಲು ತೆಗೆದು ಖಾಲಿ ಬಿಟ್ಟರೆ?"

"ತೆಗೆದವರನ್ನೇ ಹಿಡಿಯತ್ತೆ."

"ಮೊದಲೇ ಇಷ್ಟು ಬಿಡಿಸಿ ಹೇಳಬಾರದಿತ್ತಾ ಅಜ್ಜಿ?"

"ನಗ್ತಿದ್ದೆಯಲ್ಲಮ್ಮ ನೀನು," ಎಂದಳು ಅಜ್ಜಿ. ಸಂದಿ ಮುಚ್ಚಿಕೊಂಡಿತು.

ಮನೆಯಲ್ಲಿ ಹೊಸ ತಂತಿ ಎಳೆಯಲೆಂದು ಕರೆಂಟು ತೆಗೆದಿದ್ದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಮಧ್ಯಾಹ್ನವೇ ಗವ್ವೆನ್ನುವ ಕತ್ತಲೆ. ಅಡುಗೆಮನೆಯಿಂದ ಸರ್, ಸರ್ ಎಂದು ಕರಣೆ ಎಳೆಯುವ ಸದ್ದು. ಗಂಡ ಮೇಣದಬತ್ತಿಯ ಬೆಳಕಿನಲ್ಲಿ ಗುನುಗುತ್ತ ಒಡೆದ ಗೋಡೆಯನ್ನು ಮುಚ್ಚುತ್ತಿದ್ದ.

"ಬೇಗ ಬಂದೆ?" ಎಂದ, ತಿರುಗದೆ.

ಅವಳು ಅವನನ್ನು ನೂಕಿ ಹಸಿ ಗಾರೆಯೊಳಗೆ ಕೈ ತುರುಕಿದಳು. ಮಡಕೆ ಸಿಕ್ಕಿತು. ಗೊಂಬೆಯ ಕುತ್ತಿಗೆಯಲ್ಲಿ ಉದ್ದನೆಯ ಕೂದಲು, ಬಾಚಣಿಗೆಯಿಂದ ಬಿಡಿಸಿ ಒತ್ತಾಗಿ ಸುತ್ತಿದ್ದು. ಅವಳದೇ.

"ನಿಂಗೆ ಇದರಲ್ಲಿ ನಂಬಿಕೆನೇ ಇಲ್ವಲ್ಲ," ಎಂದ ಅವನು ಮೆಲ್ಲಗೆ. "ನಿಂಗೇನೂ ಆಗಲ್ಲ ಅಂದ್ಕೊಂಡೆ."

ಅವಳು ದಾರಕ್ಕೆ ಹಲ್ಲು ಹಾಕಿದಳು. ಅವನು ಅವಳ ಮಣಿಕಟ್ಟು ಹಿಡಿದ. ಮಣಿಕಟ್ಟು ಲಟಕ್ಕೆಂದಿತು. ನೋವಿಲ್ಲ. ಪುಡಿ ಉದುರಿತು. ಅವನು ಗೊಂಬೆಗೆ ಕೈ ಚಾಚಿದ. ಅವಳು ಒದ್ದಳು. ಬಿದ್ದ. ಅವಳು ಮೇಲೆ ಬಿದ್ದಳು. ಮಂಡಿಯಿಂದ ಕತ್ತು ಒತ್ತಿದಳು. ಮುಷ್ಟಿಗೆ ಸಿಕ್ಕಷ್ಟು ಕೂದಲು ಹಿಡಿದಳು. ಎಳೆದಳು. ಬುಡಸಮೇತ ಬಂತು. ದಾರ ಹರಿಯಿತು. ತನ್ನದು ತೆಗೆದಳು. ಅವನದು ಸುತ್ತಿದಳು. ಹಲ್ಲಿನಿಂದ ಗಂಟು. ಇನ್ನೊಂದು ಗಂಟು.

ಅವನು ಕಿರುಚಲು ಬಾಯಿ ತೆರೆದ. ಬಾಯಿಂದ ಬೂದು ಪುಡಿ ಬಂತು.

ಅವಳ ಅಂಗೈ ಆಗಲೇ ಕೂಡಿಕೊಳ್ಳುತ್ತಿತ್ತು. ಗೊಂಬೆಯನ್ನು ಮತ್ತೆ ಮಡಕೆಗೆ ಹಾಕಿ ಪೊಳ್ಳಿನೊಳಗಿಟ್ಟು, ಆ ಕೈಯಲ್ಲೇ ಕರಣೆ ಎತ್ತಿಕೊಂಡು ಉಳಿದ ಗಾರೆಯಿಂದ ಗೋಡೆಯನ್ನು ಮುಚ್ಚಿದಳು, ನುಣ್ಣಗೆ ಸವರಿದಳು.

ಕೆಲವೇ ದಿನಗಳಲ್ಲಿ ದಾರಿಹೋಕರು ನಿಂತು ನೋಡುವಂಥ ಮನೆ ಅದಾಯಿತು. ಗೋಡೆಗಳು ಕನ್ನಡಿಯಂತಿದ್ದವು. ಹಿಂದಿನ ಕೋಣೆಯಲ್ಲಿ ಗಂಡ ಮಲಗಿದಲ್ಲೇ ಇದ್ದ. ಕಣ್ಣು ಮಾತ್ರ ಆಡುತ್ತಿತ್ತು. ಅವಳು ಚಮಚದಲ್ಲಿ ಗಂಜಿ ಹನಿಸಿ, ಬಾಯಂಚಿನ ಪುಡಿ ಒರೆಸಿ, ನಾಡಿ ಹಿಡಿದು ನೋಡುತ್ತಿದ್ದಳು. ಒಂದು ದಿನ ನಾಡಿ ಹುಡುಕಲು ಬಹಳ ಹೊತ್ತು ಹಿಡಿಯಿತು. ಹಜಾರಕ್ಕೆ ಬಂದು ನೋಡಿದರೆ ಗೋಡೆಯಲ್ಲಿ ಎಳೆಯಷ್ಟು ತೆಳ್ಳನೆಯ ಹೊಸ ಬಿರುಕು.

ಅವಳು ಅದನ್ನು ನೋಡುತ್ತ ನಿಂತಳು. ಆಮೇಲೆ ಹಾಸ್ಟೆಲಿನಲ್ಲಿದ್ದ ನಾದಿನಿಗೆ ಫೋನು ಮಾಡಿದಳು. "ನಿಮ್ಮಣ್ಣನಿಗೆ ಹುಷಾರಿಲ್ಲಮ್ಮ. ಬಂದು ನಾಲ್ಕು ದಿನ ಇದ್ದು ಹೋಗು."

ನಾದಿನಿ ಚೀಲ ಇಡುವುದಕ್ಕೂ ಮುಂಚೆ ಅಣ್ಣನ ಹಾಸಿಗೆಯ ಬಳಿ ಕುಸಿದು ಅತ್ತಳು. ಅವನ ಕಣ್ಣು ತಂಗಿಯಿಂದ ಬಾಗಿಲಿಗೆ, ಬಾಗಿಲಿನಿಂದ ತಂಗಿಗೆ ಹುಚ್ಚುಹಿಡಿದಂತೆ ಓಡಿತು.

"ಅತ್ತಿಗೆ, ಅಣ್ಣ ಏನೋ ಹೇಳ್ತಿದಾನೆ."

"ನಿನ್ನ ನೋಡಿದ ಖುಷಿ ಅದು," ಎಂದು ಅವಳು ಬಾಚಣಿಗೆ ಹಿಡಿದು ಹುಡುಗಿಯ ಬೆನ್ನ ಹಿಂದೆ ಕುಳಿತಳು. "ಬಸ್ಸಿನ ಗಾಳಿಗೆ ತಲೆಯೆಲ್ಲ ಸಿಕ್ಕಾಗಿದೆ ನೋಡು. ಅಲ್ಲಾಡಬೇಡ, ಬಾಚ್ತೀನಿ."